ಸಿಹಿ ಮೆಣಸಿನಕಾಯಿಗೆ ಹತ್ತಿದ ಖಾರ

ಮೊದಲ ಕೊಯ್ಲಿನ ಕೆಂಪು ಮೆಣಸಿನಕಾಯಿಯನ್ನು ಗಿಡದ ಪಕ್ಕದಲ್ಲೇ ನಿಂತು ಹಸಿಯಾಗಿ ಕಚ್ಚಿ ನೋಡುವುದು ರೊಕ್ಕಿನಾಳ ಅಭ್ಯಾಸ. ಈ ಸಲ ಕಚ್ಚಿದವಳು ಥೂ ಎಂದು ಉಗಿದಳು. ಖಾರ. ಪಕ್ಕದ ಗಿಡದ್ದೂ ಖಾರ, ಅದರಾಚೆಯದೂ ಖಾರ. ಖಾರವಿಲ್ಲದ ಸಿಹಿ ಮೆಣಸಿಗೇ ಹೆಸರಾದ ಸೆನೀಸೆ ಊರಿನ ಮಣ್ಣಿನಲ್ಲಿ, ಅದೂ ಅವಳ ಅಮ್ಮ ಕೊಟ್ಟ ಬೀಜದಲ್ಲಿ! ನಾಲಿಗೆಗಿಂತ ಹೊಟ್ಟೆ ಹೆಚ್ಚು ಉರಿಯಿತು. ಊರಲ್ಲಿ ಕೇಳಿದರೆ ಯಾರಾದರೂ ಸಿಹಿ ಬೀಜ ಕೊಟ್ಟಾರು, ಆದರೆ ಅದು ಅಮ್ಮನದಾಗುವುದಿಲ್ಲ. ಹಳೆಯ ಬೀಜ ಮೊಳೆಯುವುದಿಲ್ಲವೆಂದು ವರ್ಷವರ್ಷವೂ ಮಿಕ್ಕಿದ್ದನ್ನು ಕೋಳಿಗಳಿಗೆ ಚೆಲ್ಲಿದವಳು ತಾನೇ.

ಅನುಮಾನ ನೇರವಾಗಿ ಹೋಗಿ ಕೂತದ್ದು ಸೊಸೆ ಮಿಮ್ಮಾಳ ಮೇಲೆ. ಮದುವೆಯಾಗಿ ಈ ವಸಂತದಲ್ಲಿ ಬಂದವಳು, ತವರು ಕಲಾಬ್ರಿಯಾದಿಂದ ಬೆಂಕಿಯಂಥ ಮೆಣಸಿನ ಗಿಡವೊಂದನ್ನು ಕುಂಡದಲ್ಲಿ ತಂದು ಬಾಲ್ಕನಿಯಲ್ಲಿಟ್ಟಿದ್ದಳು.

"ನಿನ್ನ ಕುಂಡದ್ದೇ ಈ ಕೆಲಸ," ಎಂದಳು ರೊಕ್ಕಿನಾ.

ಮಿಮ್ಮಾ ಸಿಟ್ಟಾಗಲಿಲ್ಲ, ಯೋಚಿಸಿದಳು. "ಅತ್ತೆ, ಜೇನು ಪರಾಗ ತಂದ್ರೆ ಆ ವರ್ಷದ ಕಾಯಿಗೆ ಏನೂ ಆಗಲ್ಲ. ಅದರ ಬೀಜ ಬಿತ್ತಿದ್ಮೇಲೇ ಖಾರ ಬರೋದು. ಹೋದ ಬೇಸಿಗೇಲಿ ನಾನೆಲ್ಲಿದ್ದೆ?"

ಮಾತು ಸರಿ. ಹಾಗಾದರೆ ಹೋದ ಬೇಸಿಗೆ ಇಲ್ಲಿ ಖಾರದ ಗಿಡ ಎಲ್ಲಿತ್ತು? ಅತ್ತೆ ಸೊಸೆ ಇಬ್ಬರೂ ಸೇರಿ ತೋಟವೆಲ್ಲ ಜಾಲಾಡಿದರು. ಅಂಜೂರದ ಮರದ ಹಿಂದೆ, ಹಳೆ ಬಕೆಟ್ಟಿನಲ್ಲಿ, ಒಣಗಿದ ಕಾಂಡವೊಂದು ಸಿಕ್ಕಿತು. ಬುಡದಲ್ಲಿ ಗೋಲಿಯಂಥ ಸುಕ್ಕುಗಟ್ಟಿದ ಕಾಯಿ. ರೊಕ್ಕಿನಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಗಂಡನ ಮುಂದೆ ಹೋಗಿ ನಿಂತಳು.

ಎಜಿದಿಯೋ ಟೋಪಿ ಸರಿಮಾಡಿಕೊಂಡ. ಹೋದ ವರ್ಷ ಬೇಸಿಗೆಗೆ ಮುಂಚೆ, ಮಗನ ನಿಶ್ಚಿತಾರ್ಥದ ದಿನ, ಬೀಗರು ಖಾರದ ಬೀಜ ಜೇಬಿಗೆ ತುರುಕಿದ್ದರಂತೆ. "ಒಂದೇ ಒಂದು ಗಿಡ ಕಣೇ. ನಲವತ್ತು ವರ್ಷ ಸಪ್ಪೆ ತಿಂದಿದೀನಿ."

ರೊಕ್ಕಿನಾ ಬೈಯಲೂ ಇಲ್ಲ. ಕುರ್ಚಿಯಲ್ಲಿ ಕುಸಿದು ಅತ್ತಳು.

ಮಿಮ್ಮಾ ಒಳಗೆ ಹೋಗಿ, ತವರಿನಿಂದ ತಂದ ಪೆಟ್ಟಿಗೆಯಿಂದ ದಾರದಲ್ಲಿ ಪೋಣಿಸಿದ ಧೂಳು ಹಿಡಿದ ಮೆಣಸಿನಕಾಯಿ ಸರವನ್ನು ತೆಗೆದು ತಂದಳು. ಅದೇ ನಿಶ್ಚಿತಾರ್ಥಕ್ಕೆ ಬೀಗರಿಗೆ ರೊಕ್ಕಿನಾ ತನ್ನ ಕೈಯಾರೆ ಕಟ್ಟಿ ಕೊಟ್ಟಿದ್ದ ಸರ, ಬಕೆಟ್ಟಿನ ಗಿಡ ಹುಟ್ಟುವುದಕ್ಕೂ ಮುಂಚಿನ ಬೆಳೆ. ಒಂದು ಕಾಯಿಯೂ ಕಡಿಮೆಯಾಗಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅತ್ತೆ. ಖಾರ ಇಲ್ದೇ ಇರೋದು ನಮ್ಮನೇಲಿ ಯಾರ ಗಂಟಲಲ್ಲೂ ಇಳಿಯಲ್ಲ. ಚೆಂದಕ್ಕೆ ಅಂತ ಗೋಡೆಗೆ ನೇತುಹಾಕಿದ್ವಿ, ಬರುವಾಗ ಪೆಟ್ಟಿಗೆಗೆ ಹಾಕ್ಕೊಂಡು ಬಂದೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆ ಎರಡಾಗುತ್ತಿತ್ತು. ರೊಕ್ಕಿನಾ ಕಣ್ಣೊರೆಸಿಕೊಂಡು ಒಂದು ಕಾಯಿ ಅಲುಗಿಸಿದಳು. ಒಳಗೆ ಬೀಜ ಗಲಗಲ ಎಂದಿತು. ಮೊಳೆಯುತ್ತದೋ ಇಲ್ಲವೋ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟರು. ಇಬ್ಬರೂ ಬೆಳಿಗ್ಗೆ ಸಂಜೆ ಬಿಚ್ಚಿ ನೋಡಿದ್ದೇ ನೋಡಿದ್ದು. ಕೊನೆಗೊಂದು ಬೆಳಿಗ್ಗೆ ಬಟ್ಟೆಯ ಮೇಲೆ ಬಿಳಿಯ ಮೊಳಕೆಗಳು ಮೂಡಿದ್ದವು.

ರೊಕ್ಕಿನಾ ಸೊಸೆಯ ಕೆನ್ನೆ ಹಿಂಡಿದಳು. "ಸದ್ಯ, ನಿಮ್ಮೋರಿಗೆ ನಾಲಿಗೆ ರುಚಿ ಇಲ್ವಲ್ಲ ತಾಯಿ," ಎಂದಳು.