ಕಾಂಕ್ರೀಟ್ ಪುಸ್ತಕದ ಚೀಟಿಗಳು

ಅನಿಬಲ್‌ನ ಶವ ಇಟ್ಟಿದ್ದ ಅಂತ್ಯದರ್ಶನದ ಮನೆಯ ಇಳಿಜಾರು ಹತ್ತುವಾಗ ಸೂಟ್‌ಕೇಸಿನ ಒಂದು ಚಕ್ರ ಕಳಚಿ ಕೆಳಗೆ ಉರುಳಿಹೋಯಿತು. ಬ್ರುನಿಲ್ಡಾ ಅದರ ಹಿಂದೆ ಓಡಲಿಲ್ಲ. ಓಡಿದರೆ ಸೂಟ್‌ಕೇಸೇ ಹಿಂದಕ್ಕೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಮೈ ಹಿಂದಕ್ಕೆ ವಾಲಿಸಿ, ಮಯಾಗ್ವೆಸ್ ಊರಿನ ಹತ್ತು ಗಂಟೆಯ ಬಿಸಿಲಲ್ಲಿ ನಿಂತುಬಿಟ್ಟಳು.

"ಬಿಡಮ್ಮ, ಬಿಡು. ನಾನು ಹಿಡ್ಕೋತೀನಿ." ಬಾಗಿಲ ಬಳಿ ಸಿಗರೇಟು ಸೇದುತ್ತಿದ್ದ ದೋನ್ ಕ್ರಿಸ್ಪಿನ್ ಇಳಿದು ಬಂದ. ಅವನು, ಬ್ರುನಿಲ್ಡಾ, ಅನಿಬಲ್ ಮೂವರೂ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವರು. ಅವನು ಸರ್ವೆಯವನು, ನಿವೃತ್ತನಾಗಿ ಬಹಳ ಕಾಲವಾಗಿತ್ತು. "ಅಯ್ಯಪ್ಪಾ! ಅನಿಬಲ್‌ಗಿಂತ ಇದೇ ತೂಕ ಕಣಮ್ಮ. ಏನಿದೆ ಇದರಲ್ಲಿ?"

"ಪುಸ್ತಕ. ಇಂಜಿನಿಯರ್ ಲೈಸೆನ್ಸ್ ಪರೀಕ್ಷೆದು. ಮಿಗ್ದಾಲಿಯಾ ಅವರ ಮನೆಯಿಂದ ತರೋಕೆ ಹೇಳಿದ್ಲು."

"ಇನ್ನೂ ಇಟ್ಕೊಂಡಿದ್ನಾ? ಈಗೆಲ್ಲ ಕಂಪ್ಯೂಟರಲ್ಲಿ ಪರೀಕ್ಷೆ. ಪುಸ್ತಕ ಒಳಗೇ ಬಿಡಲ್ಲ." ಕ್ರಿಸ್ಪಿನ್ ಸೂಟ್‌ಕೇಸನ್ನು ಮಗುವಿನ ಹಾಗೆ ತಬ್ಬಿಕೊಂಡು ಮೇಲೆ ಹತ್ತಿದ. ಬಾಗಿಲಲ್ಲಿ ನಿಂತು ಗದ್ದದಿಂದ ಒಳಗೆ ತೋರಿಸಿದ. "ಆ ಹೂಚಕ್ರ ನೋಡು. ನಮ್ಮ ಆಫೀಸಿನೋರು ಕಳಿಸಿರೋದು. ರಿಬ್ಬನ್ ಮೇಲೆ 'ಇಂಜಿನಿಯರ್ ಅನಿಬಲ್ ಮಾತೋಸ್' ಅಂತ ಬರೆಸಿದಾರೆ. ಲೈಸೆನ್ಸ್ ಇಲ್ದೋನಿಗೆ ಹಾಗೆ ಬರೆಯೋ ಹಾಗಿಲ್ಲ. ಇಂಜಿನಿಯರುಗಳ ಸಂಘದೋರು ನೋಡಿದ್ರೆ ಸತ್ತೋನ ಮೇಲೇ ಕೇಸ್ ಹಾಕ್ತಾರೆ."

ಅವನು ನಕ್ಕ. ನಗು ಅರ್ಧಕ್ಕೇ ಒಡೆಯಿತು. "ಹಾಕ್ಲಿ ಬಿಡು. ಕೋರ್ಟಿಗೇನು ಬರ್ತಾನಾ ಅವನು."

ಬ್ರುನಿಲ್ಡಾ ರಿಬ್ಬನ್ನಿನತ್ತ ನೋಡಲಿಲ್ಲ. ಬಂದಾಗಿನಿಂದ ಅವಳು ನೋಡದೇ ಇರಲು ಪ್ರಯತ್ನಿಸುತ್ತಿದ್ದದ್ದು ಅದೊಂದನ್ನೇ.

ಶವಪೆಟ್ಟಿಗೆಯ ಬಳಿಯಿಂದ ಅನಿಬಲ್‌ನ ಹೆಂಡತಿ ಮಿಗ್ದಾಲಿಯಾ ಎದ್ದು ಬಂದಳು. ಕಪ್ಪು ಬಟ್ಟೆ, ಕಾಲಲ್ಲಿ ಮನೆಯ ಚಪ್ಪಲಿ. ಅವಳ ಮಗಳು ಯಾರಿಟ್ಸಾಳಿಗೆ ಜ್ಞಾನಸ್ನಾನದ ದಿನ ಬ್ರುನಿಲ್ಡಾ ಧರ್ಮತಾಯಿಯಾಗಿ ನಿಂತಿದ್ದಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಿದ್ದರು.

"ತಂದ್ಯಾ ಕೊಮಾದ್ರೆ? ಒಂದು ಪುಸ್ತಕ ಅವನ ಜೊತೆ ಹೋಗ್ಲಿ ಅಂತ ನನ್ನ ಆಸೆ. ಯಾರ್ಯಾರೋ ಜಪಸರ ಇಡ್ತಾರೆ, ಟೋಪಿ ಇಡ್ತಾರೆ. ಇವನ ಕೈ ಯಾವಾಗ್ಲೂ ಇದ್ದಿದ್ದು ಪುಸ್ತಕದ ಮೇಲೆ." ಅವಳು ಬ್ರುನಿಲ್ಡಾಳ ತೋಳು ಹಿಡಿದುಕೊಂಡಳು. "ಯಾವುದು ಅಂತ ನೀನೇ ಆರಿಸ್ಬೇಕು. ನನ್ನ ಮನಸ್ಸಿನಲ್ಲಿರೋದು ಕಾಂಕ್ರೀಟಿನ ಪುಸ್ತಕ. ನೀನು ಕೊಟ್ಟಿದ್ದು."

ಇಡೀ ಸೂಟ್‌ಕೇಸಿನಲ್ಲಿ ಅವನ ಜೊತೆ ಮಣ್ಣಿಗೆ ಹೋಗಬಾರದ ಪುಸ್ತಕ ಅದೊಂದೇ.

*

ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದವರು ಅನಿಬಲ್, ಬ್ರುನಿಲ್ಡಾ ಇಬ್ಬರೂ. ಹಗಲು ಒಂದೇ ಆಫೀಸಿನಲ್ಲಿ ಚರಂಡಿ, ಮೋರಿ, ರಸ್ತೆಗಳ ನಕ್ಷೆ ಮಾಡುವುದು. ಸಂಜೆ ಅನಿಬಲ್‌ನ ಊಟದ ಮೇಜಿನ ಮೇಲೆ ಪುಸ್ತಕ ಹರಡುವುದು. ಲೈಸೆನ್ಸ್ ಪರೀಕ್ಷೆಗೆ ಪುಸ್ತಕ ಒಯ್ಯಬಹುದಾಗಿತ್ತು, ಎಷ್ಟು ಬೇಕಾದರೂ. ಆದ್ದರಿಂದ ಅದಕ್ಕೆ ಓದುವುದೆಂದರೆ ಅರ್ಧ ಓದು, ಅರ್ಧ ಪುಸ್ತಕ ಸಿದ್ಧ ಮಾಡುವುದು. ಬೇಕಾದ ಕೋಷ್ಟಕ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗಬೇಕು. ನೀರಿಗೆ ನೀಲಿ ಚೀಟಿ, ಮಣ್ಣಿಗೆ ಹಳದಿ, ಕಾಂಕ್ರೀಟಿಗೆ ಕಿತ್ತಳೆ. ಪುಟದ ಅಂಚಿಗೆ ಅಂಟಿಸಿ, ಹೊರಗೆ ಚಾಚಿದ ತುದಿಯ ಮೇಲೆ ಸಣ್ಣಕ್ಷರದಲ್ಲಿ ಹೆಸರು. ಬರೆಯುವ ಕೆಲಸ ಬ್ರುನಿಲ್ಡಾಳದು. ಅನಿಬಲ್‌ನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ.

ಬಿಡಿ ಹಾಳೆ ಮಾತ್ರ ಒಂದೂ ಇರಕೂಡದು. ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಕರು ಪುಸ್ತಕದ ಬೆನ್ನು ಹಿಡಿದು, ತಲೆಕೆಳಗು ಮಾಡಿ, ಕೊಡವಿ ನೋಡುತ್ತಿದ್ದರು. ಏನಾದರೂ ಬಿದ್ದರೆ ಪುಸ್ತಕವೇ ಹೊರಗೆ. ಅದಕ್ಕೇ ದಿನದ ಕೊನೆಗೆ ಅನಿಬಲ್ ಎದ್ದು ನಿಂತು, ಮುಖ ಗಂಟಿಕ್ಕಿ, ಮೇಲ್ವಿಚಾರಕನ ದನಿಯಲ್ಲಿ "ಮಾತೋಸ್! ಇದೇನಿದು?" ಎಂದು ತನ್ನನ್ನೇ ಗದರಿಕೊಂಡು ಒಂದೊಂದೇ ಪುಸ್ತಕ ಕೊಡವುತ್ತಿದ್ದ. ಪುಟ್ಟ ಯಾರಿಟ್ಸಾ ಕೆಳಗೆ ಎರಡೂ ಅಂಗೈ ಒಡ್ಡಿ ಕಾಯುತ್ತಿದ್ದಳು. ಅವಳಿಗಾಗಿ ಅವನೇ ಮೊದಲು ಒಂದು ಮಿಠಾಯಿ ಪುಟಗಳ ನಡುವೆ ಅಡಗಿಸಿರುತ್ತಿದ್ದ.

ಒಂದು ವರ್ಷ ಏಪ್ರಿಲಿನಲ್ಲಿ ಇಬ್ಬರೂ ಪರೀಕ್ಷೆ ಬರೆದರು. ಬ್ರುನಿಲ್ಡಾ ಪಾಸಾದಳು. ಅವನಾಗಲಿಲ್ಲ.

ಅವಳಿಗೆ ಲೈಸೆನ್ಸ್ ಬಂದ ಖುಷಿಗೆ ಅನಿಬಲ್‌ನ ಹಿತ್ತಲಲ್ಲೇ ಹಂದಿ ಸುಟ್ಟರು. ಎಲ್ಲರೆದುರು ಅವಳು ತನ್ನ ಕಾಂಕ್ರೀಟ್ ನಿಯಮಗಳ ಪುಸ್ತಕ ಅವನ ಕೈಗಿಟ್ಟಳು. ಕೆಂಪು ರಟ್ಟು, ಅಂಚಿನ ತುಂಬ ಕಿತ್ತಳೆ ಚೀಟಿ. ಅವನ ಹಳೆಯ ಪ್ರತಿಯ ಬೆನ್ನು ಕಿತ್ತುಹೋಗಿತ್ತು. "ಅಕ್ಟೋಬರಿನಲ್ಲಿ ಇದು ನಿಮ್ಮನ್ನ ಪಾಸ್ ಮಾಡಿಸುತ್ತೆ" ಅಂದಳು. ಆರು ವರ್ಷ ಹಿರಿಯನಾದ ಅವನು ಎಲ್ಲರ ಮುಂದೆ ಕಣ್ಣೊರೆಸಿಕೊಂಡ.

ಸೆಪ್ಟೆಂಬರಿನಲ್ಲಿ, ಲೈಸೆನ್ಸ್ ಇದ್ದವರಷ್ಟೇ ನಕ್ಷೆಗೆ ಒತ್ತಬಹುದಾದ ಮೊಹರು ಪಡೆಯಲು ಇಂಜಿನಿಯರುಗಳ ಸಂಘಕ್ಕೆ ಹೋದಾಗ, ಗೋಡೆಯ ಮೇಲೆ ಪ್ರಕಟಣೆ ಕಂಡಳು. ಅಕ್ಟೋಬರಿನ ಪರೀಕ್ಷೆಗೆ ಕಾಂಕ್ರೀಟ್ ನಿಯಮಗಳ ಹೊಸ ಆವೃತ್ತಿ. ಹಳೆಯದರ ಪ್ರಕಾರ ಲೆಕ್ಕ ಮಾಡಿದರೆ ಉತ್ತರ ತಪ್ಪು.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ನಾಳೆ ಹೇಳೋಣ ಎಂದುಕೊಂಡಳು. ಎಲ್ಲರೆದುರು ಕೊಟ್ಟ ಉಡುಗೊರೆಯನ್ನು ಬಳಸಬೇಡಿ ಎಂದು ಹೇಗೆ ಹೇಳುವುದು ಎನಿಸಿತು. ಅವನಿಗೆ ಗೊತ್ತಾಗಿಯೇ ಇರುತ್ತದೆ ಎಂದೂ ಎನಿಸಿತು. ಇನ್ನೊಂದು ಯೋಚನೆಯೂ ಇತ್ತು. ಅದಕ್ಕೆ ಅವಳು ಮುಖ ಕೊಟ್ಟು ನೋಡಲಿಲ್ಲ. ಆಫೀಸಿನಲ್ಲಿ ಮೊಹರು ಇದ್ದದ್ದು ಈಗ ಅವಳೊಬ್ಬಳಿಗೆ. ಕಿಟಕಿಯ ಪಕ್ಕದ ಮೇಜು ಅವಳಿಗೆ ಸಿಕ್ಕಿತ್ತು. ಅವನೂ ಪಾಸಾದರೆ, ಹಿರಿಯ ಅವನು.

ಪರೀಕ್ಷೆಯ ವಾರ ಕೊನೆಗೂ ಫೋನ್ ಮಾಡಿದಳು. ಆ ಕಡೆ ಏನೋ ಗೊರ್ ಎನ್ನುತ್ತಿತ್ತು.

"ಏನದು ಸದ್ದು?"

"ಮಿಗ್ದಾಲಿಯಾ ಕೂದಲು ಒಣಗಿಸ್ಕೋತಿದಾಳೆ. ಹೇಳು ಬ್ರುನಿ."

"ಏನಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಅಂತ ಹೇಳೋಣ ಅಂತ."

"ಮಾಡ್ತೀನಿ. ಬೇರೇನಾದ್ರೂ ಹೇಳೋದಿತ್ತಾ?"

ಗೊರ್ ಸದ್ದು ನಿಂತಿತು. ಅವನು ಕಾದ. ಅವಳಿಗೆ ಅವನ ಉಸಿರು ಕೇಳಿಸುತ್ತಿತ್ತು.

"ಏನಿಲ್ಲ" ಅಂದಳು.

ಸ್ವಲ್ಪ ಅಂಕದಲ್ಲಿ ಅವನಿಗೆ ಪಾಸು ತಪ್ಪಿಹೋಯಿತು. ಫಲಿತಾಂಶ ಬಂದ ದಿನ ಅವಳ ಮೇಜಿನ ಬಳಿ ಬಂದು ನಿಂತು, "ನಿನ್ನ ಚೀಟಿಗಳು ಕೈ ಹಿಡಿದ್ವು ಬ್ರುನಿ, ನನ್ನ ತಲೆ ಕೈ ಕೊಡ್ತು" ಅಂದ. ಅದಾದ ಮೇಲೆ ಪರೀಕ್ಷೆಗೆ ಕೂರಲೇ ಇಲ್ಲ. ನಿವೃತ್ತನಾಗುವವರೆಗೂ ಅವನು ಬರೆದ ನಕ್ಷೆಗಳ ಮೂಲೆಯಲ್ಲಿ ಅವಳ ಮೊಹರು ಬೀಳುತ್ತಿತ್ತು. ಪ್ರತಿ ಸಲ ಮೊಹರು ಒತ್ತುವಾಗಲೂ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಯಾರೂ ಗಮನಿಸಲಿಲ್ಲ.

*

ಕಾಫಿ ಇಟ್ಟಿದ್ದ ಪಕ್ಕದ ಕೋಣೆಯಲ್ಲಿ ಸೂಟ್‌ಕೇಸು ನೆಲದ ಮೇಲಿತ್ತು. ಮಿಗ್ದಾಲಿಯಾ ಕುರ್ಚಿಯಲ್ಲಿ ಕೂತು ಬಿಸ್ಕತ್ತಿನ ಮೇಲಿನ ಚೀಸ್ ತುಂಡು ಮಾತ್ರ ತಿನ್ನುತ್ತಿದ್ದಳು. ಆಚೆ ಪೆಟ್ಟಿಗೆಯ ಸುತ್ತ ಹೆಂಗಸರು ಜಪಸರ ಹಿಡಿದು ಪ್ರಾರ್ಥನೆ ಶುರುಮಾಡಿದ್ದರು.

"ತೆಗಿ ಕೊಮಾದ್ರೆ. ಮಧ್ಯಾಹ್ನ ಸ್ಮಶಾನಕ್ಕೆ ಹೊರಡ್ಬೇಕು, ಅಷ್ಟರೊಳಗೆ ಪೆಟ್ಟಿಗೆ ಮುಚ್ತಾರಂತೆ."

ಬ್ರುನಿಲ್ಡಾ ಜಿಪ್ ಎಳೆದಳು. ಹಳೆಯ ಅಂಟಿನ ವಾಸನೆ ಬಂತು. ಮಣ್ಣಿನ ಪುಸ್ತಕ, ನೀರಿನ ಪುಸ್ತಕ, ಹೊಲಿಸಿದ ಟಿಪ್ಪಣಿಗಳ ಕಟ್ಟು. ಕೊನೆಗೆ ಕೆಂಪು ರಟ್ಟು ಕಂಡಿತು. ಅವಳು ಮನಸ್ಸಿನಲ್ಲೇ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದಳು: ಇದಕ್ಕೆ ಹುಳ ಬಿದ್ದಿದೆ, ನೀರಿನದನ್ನೇ ಇಡೋಣ.

ಕೈಗೆತ್ತಿಕೊಂಡಾಗ ಪುಸ್ತಕ ಬೋಳಾಗಿತ್ತು. ಅಂಚಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಪುಟಪುಟದ ತುದಿಯಲ್ಲೂ ಚೀಟಿ ಇದ್ದ ಜಾಗದಲ್ಲಿ ಅಂಟಿನ ಕಂದು ಕಲೆ, ಅದರ ಮೇಲೆ ಧೂಳು.

ಅದರ ಕೆಳಗೆ ಇನ್ನೊಂದು ಪುಸ್ತಕ. ಅದೇ ಗಾತ್ರ, ನೀಲಿ ರಟ್ಟು. ಹೊಸ ಆವೃತ್ತಿ. ಅದರ ಅಂಚಿನ ತುಂಬ ಕಿತ್ತಳೆ ಚೀಟಿಗಳು. ತೊಲೆ, ಕಂಬ, ತಳಪಾಯ, ಬಿರುಕು. ಒಂದೊಂದರ ಮೇಲೂ ಅವಳದೇ ಅಕ್ಷರ.

"ಇದು..." ಅಂದಳು.

"ಅಯ್ಯೋ, ಅದನ್ನ ನಿನಗೆ ಹೇಳ್ಬಾರದು ಅಂತ ಆಣೆ ಹಾಕಿಸ್ಕೊಂಡಿದ್ದ." ಮಿಗ್ದಾಲಿಯಾ ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು. "ಈಗೇನು, ಹೇಳ್ತೀನಿ. ಟಿಪ್ಪಣಿ ಹೊಲಿಸೋಕೆ ಜೆರಾಕ್ಸ್ ಅಂಗಡಿಗೆ ಹೋಗಿದ್ನಂತೆ. ಅಲ್ಲಿ ಪರೀಕ್ಷೆಗೆ ಕೂರೋರ ಕೈಯಲ್ಲೆಲ್ಲ ನೀಲಿ ಪುಸ್ತಕ, ಇವನ ಕೈಯಲ್ಲಿ ಮಾತ್ರ ಕೆಂಪು. ಮುಖ ಸುಣ್ಣ ಆಗಿತ್ತು ಮನೆಗೆ ಬಂದಾಗ. ಹೊಸದು ತಂದ. ಆಮೇಲೆ ನನ್ನ ಹೇರ್ ಡ್ರೈಯರ್ ತಗೊಂಡು ಮೇಜಿನ ಮುಂದೆ ಕೂತ."

"ಹೇರ್ ಡ್ರೈಯರ್?"

"ಅಂಟು ಕಾಯಿಸಿದ್ರೆ ಚೀಟಿ ಹರಿಯದೆ ಬರುತ್ತಂತೆ. ಒಂದೊಂದೇ ಕಿತ್ತು ಇದಕ್ಕೆ ಅಂಟಿಸ್ತಿದ್ದ. ಪುಟಗಳೆಲ್ಲ ಬದಲಾಗಿವೆಯಲ್ಲ, ಹುಡುಕಿ ಹುಡುಕಿ. ಎರಡು ರಾತ್ರಿ ಹಾಗೇ. ನಾನು ಒದ್ದೆ ಕೂದಲಲ್ಲೇ ಕೆಲಸಕ್ಕೆ ಹೋದೆ. ಕೊನೆಗೆ ಡ್ರೈಯರ್ರೇ ಸುಟ್ಟುಹೋಯ್ತು."

ಬ್ರುನಿಲ್ಡಾಳ ಕಿವಿಯಲ್ಲಿ ಫೋನಿನ ಆ ಕಡೆಯ ಗೊರ್ ಸದ್ದು ಶುರುವಾಯಿತು. ಮಿಗ್ದಾಲಿಯಾ ಕೂದಲು ಒಣಗಿಸ್ಕೋತಿದಾಳೆ. ಆಮೇಲೆ ಸದ್ದು ನಿಂತಿತ್ತು. ಅವನು ಕೈಯಲ್ಲಿ ಅವಳ ಚೀಟಿ ಹಿಡಿದುಕೊಂಡೇ ಕೇಳಿದ್ದ. ಬೇರೇನಾದ್ರೂ ಹೇಳೋದಿತ್ತಾ?

"ಹೊಸ ಚೀಟಿ ಬರೆದುಕೊಳ್ಳಬಹುದಾಗಿತ್ತಲ್ಲ" ಎಂದಳು.

"ನಾನೂ ಅದನ್ನೇ ಅಂದೆ. ಹುಚ್ಚಾ, ಮಲ್ಕೋ, ನಾನೇ ಬರೆದುಕೊಡ್ತೀನಿ ಅಂದೆ. 'ಬ್ರುನಿಯ ಅಕ್ಷರ ಕಂಡ್ರೆ ನನಗೆ ಧೈರ್ಯ' ಅಂದ. ಸರಿ, ಹೋಗಿ ಅಲ್ಲಿ ಸಾನ್ ಹ್ವಾನಿನ ಪರೀಕ್ಷೆ ಹಾಲಿನಲ್ಲಿ ಏನು ಮಾಡ್ದ? ಮಧ್ಯಾಹ್ನದ ಪೇಪರಲ್ಲಿ ಕಣ್ಣು ಮುಚ್ಚಿಹೋಯ್ತಂತೆ. ನಿದ್ದೆ! ಮೇಲ್ವಿಚಾರಕಿ ಬಂದು ಭುಜ ತಟ್ಟಿ ಎಬ್ಬಿಸಿದ್ಲಂತೆ." ಮಿಗ್ದಾಲಿಯಾ ಮೂಗೊರೆಸಿಕೊಂಡಳು. "ನಾನು ಬೈದೆ. 'ಬ್ರುನಿಗೆ ಒಂದು ಫೋನ್ ಮಾಡಿ ಹೇಳೋದಲ್ವಾ, ಪುಸ್ತಕ ಹಳೇದು ಅಂತ' ಅಂದೆ. ಅದಕ್ಕೆ ಏನಂದ ಗೊತ್ತಾ? 'ಪಾಪ, ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ನೊಂದ್ಕೋತಾಳೆ.'"

ಆಚೆ ಹೆಂಗಸರ ಪ್ರಾರ್ಥನೆ ಅಲೆಯಂತೆ ಏರಿ ಇಳಿಯಿತು.

"ಮಿಗ್ದಾಲಿಯಾ" ಎಂದಳು ಬ್ರುನಿಲ್ಡಾ. "ನನಗೆ..."

ಮಿಗ್ದಾಲಿಯಾ ತಲೆ ಎತ್ತಿ ನೋಡಿದಳು. ಅತ್ತು ಅತ್ತು ಊದಿದ ಕಣ್ಣು. ಅದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

"ಅಳ್ಬೇಡ. ನಿನಗೇನು ಗೊತ್ತಿತ್ತು ಪಾಪ. ಕುಡಿ, ಕಾಫಿ ಆರಿಹೋಗುತ್ತೆ."

ಬ್ರುನಿಲ್ಡಾ ಕಾಫಿ ಕುಡಿದಳು. ಸಕ್ಕರೆ ಹಾಕಿಕೊಂಡಿರಲಿಲ್ಲ.

ಅವನು ಹೆಂಡತಿಗೆ ಹೇಳಿದ್ದನ್ನು ನಂಬಿಯೇ ಹೇಳಿದ್ದನೋ? ಫೋನಿನಲ್ಲಿ ಅಷ್ಟು ಹೊತ್ತು ಕಾದದ್ದು ಯಾಕೆ? ಆಮೇಲೆ ಅಷ್ಟು ವರ್ಷ, ಎದುರುಬದುರು ಮೇಜಿನಲ್ಲಿ ಕೂತು, ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಕೇಳಲಿಲ್ಲ, ಅವಳು ಆಡಲಿಲ್ಲ. ಈಗ ಕೇಳಬೇಕೆಂದರೆ ಅವನು ಪಕ್ಕದ ಕೋಣೆಯಲ್ಲಿ ಬಿಳಿ ಅಂಗಿ ತೊಟ್ಟು ಮಲಗಿದ್ದ.

"ನೀಲಿದೇ ಇಡೋಣ" ಅಂದಳು.

*

ಜನ ದಾರಿ ಬಿಟ್ಟರು. ಅಂತ್ಯದರ್ಶನದ ಮನೆಯ ಆಳು ಪೆಟ್ಟಿಗೆಯ ಮುಚ್ಚಳದ ಪಕ್ಕ ನಿಂತಿದ್ದ. ಯಾರಿಟ್ಸಾ ಅಪ್ಪನ ಕಾಲರ್ ಸರಿಪಡಿಸುತ್ತಿದ್ದವಳು ಪಕ್ಕಕ್ಕೆ ಸರಿದಳು. ತಾನೇ ಎರಡು ಮಕ್ಕಳ ತಾಯಿ ಈಗ.

"ಎದೆ ಮೇಲೆ ಇಡಿ, ಧರ್ಮತಾಯಿ. ಕೈ ಕೆಳಗೆ" ಅಂದಳು.

ಬ್ರುನಿಲ್ಡಾ ಪೆಟ್ಟಿಗೆಯ ಮೇಲೆ ಬಾಗಿದಳು. ಹೂಚಕ್ರದ ರಿಬ್ಬನ್ ಅವಳ ಭುಜಕ್ಕೆ ತಾಗಿತು. ಪುಸ್ತಕ ಇಡಲು ಹೋದ ಕೈ ನಿಂತಿತು. ತನಗಾಗಿ ಅವನು ಒಂದು ಸಾಲಾದರೂ ಒಳಗೆ ಬಿಟ್ಟಿರಬಹುದೇ ಎನಿಸಿತು. ಪುಸ್ತಕದ ಬೆನ್ನು ಹಿಡಿದು ಮೇಲಕ್ಕೆತ್ತಿ, ತಲೆಕೆಳಗು ಮಾಡಿದಳು.

"ಏನಮ್ಮ ಇದು?" ಹಿಂದಿನಿಂದ ಕ್ರಿಸ್ಪಿನ್ ಮೆಲ್ಲಗೆ ಕೇಳಿದ. ಯಾರೋ ಅವನನ್ನು ಸುಮ್ಮನಿರಿಸಿದರು.

ಯಾರಿಟ್ಸಾ ಮಾತ್ರ ಏನೂ ಕೇಳಲಿಲ್ಲ. ಅವಳ ಎರಡೂ ಅಂಗೈ ತಾವಾಗಿಯೇ ಮುಂದೆ ಬಂದು ಪುಸ್ತಕದ ಕೆಳಗೆ ಜೋಡಿಕೊಂಡವು.

ಬ್ರುನಿಲ್ಡಾ ಕೊಡವಿದಳು. ಪುಟಗಳು ಬಿಚ್ಚಿಕೊಂಡು ತೂಗಿದವು. ಕಿತ್ತಳೆ ಚೀಟಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಅವಳು ಇನ್ನೊಮ್ಮೆ ಕೊಡವಿದಳು, ಜೋರಾಗಿ.

ಯಾರಿಟ್ಸಾಳ ಅಂಗೈಗೆ ಏನೂ ಬೀಳಲಿಲ್ಲ.