ತಂಗಿಯ ಮೇಲೆ ಬಂದ ಅಪವಾದ

ಅಣ್ಣ ತಂಗಿ ಇಬ್ಬರೇ ಸೇರಿ ಇಪ್ಪತ್ತೆರಡು ವರ್ಷ ಸಿಂಪಿ ಎಂಬ ಕಡಲ ಚಿಪ್ಪುಜೀವಿಯ ಮರಿಗಳನ್ನು ಸಾಕಿದ್ದರು. ಕಡಲಂಚಿನ ತಗಡಿನ ಶೆಡ್ಡಿನಲ್ಲಿ ಎಂಟು ತೊಟ್ಟಿ. ಪಂಪು ಸಮುದ್ರದ ನೀರೆಳೆದು ತುಂಬಿಸುತ್ತಿತ್ತು. ಕಣ್ಣಿಗೆ ಕಾಣದ ಮರಿ ಚಿಪ್ಪು ಕಟ್ಟಿ ಸಾಸಿವೆಕಾಳಿನಷ್ಟಾದ ಮೇಲೆ ಕೊಲ್ಲಿಯ ನಲವತ್ತು ಮನೆಯವರು ಒಯ್ದು ಬೆಳೆಸುತ್ತಿದ್ದರು. ಊಟವೂ ಅದೇ, ದುಡಿಮೆಯೂ ಅದೇ. ತೊಟ್ಟಿ ತೊಳೆಯುವುದು ತಂಗಿಯ ಕೆಲಸ. "ಗಂಡನ ಮುಖಾನೂ ಇಷ್ಟು ಹತ್ತಿರದಿಂದ ನೋಡಿಲ್ಲ" ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಗುತ್ತಿದ್ದಳು.

ಆ ವರ್ಷ ಮರಿಗಳೆಲ್ಲ ಹುಟ್ಟಿದ ಎರಡೇ ದಿನಕ್ಕೆ ಸತ್ತು ತಳ ಸೇರಿದವು. ಮತ್ತೆ ಮೊಟ್ಟೆ ಇಡಿಸಿದರು. ಮತ್ತೆ ಅದೇ ಗತಿ. ಮೂರನೇ ಸಲವೂ ಸತ್ತಾಗ, ಮರಿಗಾಗಿ ಬಂದು ನಿಂತವರ ಎದುರಿಗೇ ಅಣ್ಣ ತಂಗಿಯ ಮೇಲೆ ಸಿಡಿದ.

"ತೊಟ್ಟೀಲಿ ಸೋಪು ಉಳಿಸಿದ್ದೀಯ. ಇನ್ನೇನಿರುತ್ತೆ?"

"ಇಲ್ಲ ಅಣ್ಣ, ನಾಲ್ಕು ನೀರಲ್ಲಿ ತೊಳೆದೆ."

"ನಿನ್ನ ಕೈಗುಣಾನೇ ಸರಿಯಿಲ್ಲ. ನಡಿ ಆಚೆ."

ಅವಳು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೋದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಹಿಡಿದಳು.

ಆಮೇಲೆ ತೊಟ್ಟಿಗಳನ್ನು ಅಣ್ಣನೇ ತೊಳೆದ. ಆದರೂ ಮರಿಗಳು ಸತ್ತವು. ಒಂದು ವರ್ಷ ಹಟ ಹಿಡಿದು, ಕೊನೆಗೆ ನೀರು ಪರೀಕ್ಷಿಸುವಾಕೆಯನ್ನು ಕರೆಸಿದ. ಆಕೆ ತೊಟ್ಟಿಯ ನೀರು ನೋಡಿದಳು, ಆಮೇಲೆ ಮೊಣಕಾಲುದ್ದ ಕಡಲಿಗಿಳಿದು ಅಲ್ಲಿನದನ್ನೂ ನೋಡಿದಳು.

"ತೊಟ್ಟೀದೇನೂ ತಪ್ಪಿಲ್ಲ. ಸಮುದ್ರದ ನೀರಿಗೇ ಹುಳಿ ಏರ್ತಿದೆ. ನಾವು ಬಿಟ್ಟ ಹೊಗೇನ ಅದೇ ತಾನೇ ಕುಡೀತಿರೋದು? ಇಂಥ ನೀರಲ್ಲಿ ಮರಿ ಚಿಪ್ಪು ಕಟ್ಟೋಕೆ ಹೆಣಗಾಡಿ, ದಣಿದು ಸಾಯುತ್ತೆ. ತೊಟ್ಟಿಗಾದ್ರೆ ಹುಳಿ ಮುರಿಯೋಕೆ ಸೋಡಾ ಪುಡಿ ಹಾಕಬಹುದು."

"ಕಡಲಿಗೆ?"

ಆಕೆ ಶೀಸೆಗಳನ್ನು ಚೀಲಕ್ಕೆ ತುಂಬಿದಳು.

ಅಣ್ಣ ನೇರ ತಂಗಿಯ ಬಳಿ ಹೋದ. ಹಬೆ ತುಂಬಿದ ಕೋಣೆಯಲ್ಲಿ ಅವಳು ಹಾಸಿಗೆ ಬಟ್ಟೆ ಹಿಂಡುತ್ತಿದ್ದಳು.

"ತಪ್ಪು ನಿಂದಲ್ಲ ಕಣೇ, ನೀರಿಂದು" ಎಂದ.

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ನಾನೇ ಕೊಂದೆ ಅಂದ್ಕೊಂಡಿದ್ದೆ ಅಣ್ಣ. ಮಗಳ ಬಾಣಂತನಕ್ಕೆ ಹೋದಾಗ ಕೂಸನ್ನ ಎತ್ತಿಕೊಳ್ಳೋಕೂ ಭಯ ಆಯ್ತು. ದೂರದಿಂದಲೇ ನೋಡಿ ಬಂದೆ."

ಮಾರನೆಯ ದಿನವೇ ಅವಳು ಶೆಡ್ಡಿಗೆ ಮರಳಿದಳು. ಸೋಡಾ ಹಾಕಿದ ತೊಟ್ಟಿಗಳಲ್ಲಿ ಮರಿಗಳು ಬದುಕಿದವು. ಆದರೆ ಕೊಲ್ಲಿಗೆ ಬಿಟ್ಟವುಗಳಲ್ಲಿ ಅರ್ಧಕ್ಕರ್ಧ ಉಳಿಯಲಿಲ್ಲ. ಉಳಿದವುಗಳ ಚಿಪ್ಪು ಉಗುರು ಒತ್ತಿದರೆ ಒಡೆಯುತ್ತಿತ್ತು. ಹನ್ನೊಂದು ಮನೆಯವರು ಬೀಗ ಹಾಕಿಕೊಂಡು ಹೋದರು. ಮಿಕ್ಕ ಮನೆಗಳಲ್ಲಿ ಒಲೆ ಒಂದೇ ಹೊತ್ತು ಉರಿಯತೊಡಗಿತು.

ಅಣ್ಣ ತಂಗಿ ಈಗಲೂ ಜೊತೆಯಲ್ಲೇ ದುಡಿಯುತ್ತಾರೆ. ಪ್ರತಿ ತೊಟ್ಟಿ ತೊಳೆದಾದ ಮೇಲೂ ಅವಳು ಪಕ್ಕಕ್ಕೆ ಸರಿದು ನಿಂತು ಕೇಳುತ್ತಾಳೆ: "ಸರಿಯಾಗಿದೆಯಾ, ಒಂದ್ಸಲ ನೋಡಿಬಿಡು ಅಣ್ಣ."

ಅವನು ತಲೆ ತಗ್ಗಿಸಿಕೊಂಡೇ ಹೋಗಿ ಪಂಪು ಶುರು ಮಾಡುತ್ತಾನೆ.