ಮೂರನೇ ಬೆಂಚು

ಗುರುವಾರಕ್ಕೊಮ್ಮೆ ಡಾಕ್ಟರಮ್ಮನ ವ್ಯಾನು ಊರಿಗೆ ಬರುತ್ತಿತ್ತು. ಹತ್ತಕ್ಕೆ ಬಂದರೆ ಎರಡಕ್ಕೆ ಹೊರಟೇಬಿಡಬೇಕು, ಮುಂದಿನ ಊರಿನವರು ಕಾಯುತ್ತಿರುತ್ತಾರೆ. ನಾಲ್ಕು ಗಂಟೆಯೊಳಗೆ ಎಪ್ಪತ್ತು ಜನರನ್ನು ನೋಡಿ ಕಳಿಸುವುದೆಂದರೆ ಹುಡುಗಾಟವೇ? ಅದಕ್ಕೇ ಚೀಟಿಯಕ್ಕ ಒಂದು ಉಪಾಯ ಮಾಡಿದ್ದಳು.

ಚೀಟಿಯಕ್ಕ ಎಂದರೆ ಆರೋಗ್ಯ ಕೇಂದ್ರದ ಕಿಟಕಿಯ ಹಿಂದೆ ಕೂತು ಹೆಸರು, ವಯಸ್ಸು, ತೊಂದರೆ ಕೇಳಿ ಚೀಟಿ ಬರೆದು ಕೊಡುವವಳು. ಅವಳಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ಅವಳ ಉಪಾಯ ಸರಳವಾದದ್ದು. ಜಗುಲಿಯಲ್ಲಿ ಮೂರು ಬೆಂಚು. ಜ್ವರ, ಕೆಮ್ಮಿನವರಿಗೆ ಮೊದಲನೆಯದು. ಗಾಯ, ಮೂಳೆ, ಕೀಲುನೋವಿನವರಿಗೆ ಎರಡನೆಯದು. ಹೆಂಗಸರ ತೊಂದರೆಗಳಿಗೆ ಮೂರನೆಯದು. ಯಾವ ಬೆಂಚು ಯಾವುದಕ್ಕೆಂದು ಗೋಡೆಯ ಮೇಲೆ ತಾನೇ ಕುಂಚ ಹಿಡಿದು ದುಂಡಗೆ ಬರೆದಿದ್ದಳು. ಡಾಕ್ಟರಮ್ಮನಿಗೆ ಒಂದೇ ಬಗೆಯ ರೋಗಿಗಳು ಸಾಲಾಗಿ ಸಿಗುತ್ತಿದ್ದರು, ಕೆಲಸ ಬೇಗ ಮುಗಿಯುತ್ತಿತ್ತು. ಮೇಲಿನವರೊಬ್ಬರು ಬಂದು ನೋಡಿ ಭೇಷ್ ಎಂದು ಹೋದ ಮೇಲಂತೂ ಚೀಟಿಯಕ್ಕನ ನಡಿಗೆಯೇ ಬದಲಾಗಿತ್ತು. ಮೊದಲೇ ಅವಳದು ದೊಡ್ಡ ಗಂಟಲು. ಕಿಟಕಿಯಲ್ಲಿ ಅವಳು ‘ಏನು ತೊಂದರೆ?’ ಎಂದರೆ ರಸ್ತೆಯಾಚೆ ಹಿಟ್ಟಿನ ಗಿರಣಿಯವರೆಗೂ ಕೇಳಿಸುತ್ತಿತ್ತು.

ಒಂದು ಗುರುವಾರ ವ್ಯಾನು ಹತ್ತುವ ಮೊದಲು ಡಾಕ್ಟರಮ್ಮ ರಿಜಿಸ್ಟರು ತಿರುವುತ್ತ ನಿಂತರು. ತಾವು ಬರಲು ಶುರುಮಾಡಿ ಎಂಟು ತಿಂಗಳಾಯಿತು, ಈ ಊರಿನಲ್ಲಿ ಹದಿನೈದರಿಂದ ಇಪ್ಪತ್ತರೊಳಗಿನ ಹುಡುಗಿಯರು ಯಾರೂ ಇಲ್ಲವೇ ಎಂದು ಕೇಳಿದರು. ಮೊದಲ ತಿಂಗಳು ಒಬ್ಬಳು ಬಂದಿದ್ದಳು, ಆಮೇಲೆ ಯಾರೂ ಇಲ್ಲ.

“ನಮ್ಮೂರ ಮಕ್ಕಳು ಗಟ್ಟಿಮುಟ್ಟು, ಡಾಕ್ಟರಮ್ಮ,” ಎಂದಳು ಚೀಟಿಯಕ್ಕ ಹೆಮ್ಮೆಯಿಂದ.

ಡಾಕ್ಟರಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿ ರಿಜಿಸ್ಟರು ಮುಚ್ಚಿದರು.

ಗಟ್ಟಿಮುಟ್ಟಂತೆ! ಅವಳ ಮನೆಯಲ್ಲೇ ಒಂದು ಹುಡುಗಿ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಅಣ್ಣನ ಮಗಳು, ಹದಿನೇಳು ವರ್ಷ. ಅಣ್ಣನ ಊರಿಗೆ ಬಸ್ಸೇ ಇಲ್ಲ, ಆದ್ದರಿಂದ ಅತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಕೈ ತೊಳೆಯುವಳು. ಮೊಬೈಲ್ ಜಾಸ್ತಿ, ನಿದ್ದೆ ಕಮ್ಮಿ ಎಂದು ಚೀಟಿಯಕ್ಕ ತೀರ್ಮಾನ ಕೊಟ್ಟು ಕೈ ತೊಳೆದುಕೊಂಡಿದ್ದಳು. ಊರಿನ ಅಷ್ಟೂ ಜನರ ಕಾಯಿಲೆ ಬಾಯಿಪಾಠವಾಗಿದ್ದ ಹೆಂಗಸಿಗೆ ತನ್ನ ಅಡುಗೆಮನೆಯಲ್ಲಿ ಕೂತ ಮಗು ಕಾಣಿಸಲಿಲ್ಲ.

ಮುಂದಿನ ಮಂಗಳವಾರ ಸಂಜೆ ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ನೇರ ಅವಳ ಮನೆಯ ಮುಂದೆ ಬಂದು ನಿಂತಿತು. ಕಂಡಕ್ಟರು ಹುಡುಗಿಯ ತೋಳು ಹಿಡಿದು ಇಳಿಸಿದ. ಸೀಟಿನಿಂದ ಎದ್ದವಳು ಹಾಗೇ ಕುಸಿದುಬಿದ್ದಳಂತೆ, ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳಂತೆ. ಅವಳನ್ನು ಒಳಗೆ ಮಲಗಿಸಿ ಬಂದರೂ ಆತ ಹೊರಡದೆ ಟಿಕೆಟ್ ಚೀಲದ ಪಟ್ಟಿ ಎಳೆಯುತ್ತ ನಿಂತೇ ಇದ್ದ.

“ಅಕ್ಕಾ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಹುಡುಗಿ ಕಾಲೇಜಲ್ಲಿ ಇಳೀಲಿಲ್ಲ. ದೊಡ್ಡಾಸ್ಪತ್ರೆವರೆಗೂ ಬಂದಿದ್ಲು. ಇದು ಮೂರನೇ ಸಲ.”

ದೊಡ್ಡಾಸ್ಪತ್ರೆ ಎರಡು ಗಂಟೆಯ ದಾರಿ. ಅಲ್ಲಿ ಬೆಳಗ್ಗೆ ಆರಕ್ಕೇ ಸಾಲು ಹತ್ತುತ್ತದೆ, ಒಂಬತ್ತಕ್ಕೆ ಟೋಕನ್ ಮುಗಿಯುತ್ತದೆ. ಊರಿನಿಂದ ಮೊದಲ ಬಸ್ಸು ಹೊರಡುವುದೇ ಎಂಟಕ್ಕೆ. ಮೂರು ಸಲ ಹೋದ ಹುಡುಗಿ ಮೂರು ಸಲವೂ ಡಾಕ್ಟರ ಬಾಗಿಲು ಮುಟ್ಟದೆ ವಾಪಸು ಬಂದಿದ್ದಳು. ಇವಳೊಬ್ಬಳೇ ಅಲ್ಲ, ಈ ಊರಿನ ಇನ್ನೂ ನಾಲ್ಕೈದು ಮಕ್ಕಳು ಹಾಗೇ ಬರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದ ಹಾಗೆ ಬೇರೆ ಬೇರೆ ಸೀಟು ಹಿಡಿದು ಕಿಟಕಿಯಾಚೆ ನೋಡುತ್ತಿರುತ್ತಾರೆ ಎಂದು ಹೇಳಿ ಕಂಡಕ್ಟರು ಬಸ್ಸು ಹತ್ತಿದ.

ಚೀಟಿಯಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಮನೆಯಿಂದ ನೂರು ಹೆಜ್ಜೆಗೆ ಡಾಕ್ಟರು ಬರುವಾಗ, ಚೀಟಿ ಬರೆಯುವವಳೇ ಸ್ವಂತ ಅತ್ತೆಯಾಗಿರುವಾಗ, ಇವಳಿಗೇನು ಬಂತು ಅಷ್ಟು ದೂರ ಅಲೆಯುವಂಥದ್ದು? ಒಳಗೆ ಹೋಗಿ ಹಾಗೇ ಕೇಳಿಯೂಬಿಟ್ಟಳು.

ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದಳು. “ಹೇಳಿದ್ರೆ ನೀನು ಗುರುವಾರ ಬಾ ಅಂತಿದ್ದೆ. ಮೂರನೇ ಬೆಂಚಲ್ಲಿ ಕೂರಿಸ್ತಿದ್ದೆ.”

“ಕೂತ್ರೆ ಏನಾಗತ್ತೆ?”

“ದರ್ಜಿ ಮಗಳಿಗೆ ಏನಾಯ್ತು?”

ಮೊದಲ ತಿಂಗಳು ಬಂದಿದ್ದ ಆ ಒಬ್ಬಳು ದರ್ಜಿಯ ಮಗಳೇ. ಆ ಬೆಂಚಿನಲ್ಲಿ ಕಾಲು ಗಂಟೆ ಕೂತಿದ್ದಳು, ಅಷ್ಟೆ. ಅವಳಿಗಿದ್ದದ್ದು ತಿಂಗಳ ಹೊಟ್ಟೆನೋವು, ಎರಡು ಮಾತ್ರೆಯ ಮಾತು. ಆದರೆ ಸಂಜೆಯ ಹೊತ್ತಿಗೆ ಊರು ಅದಕ್ಕೆ ಕೈಕಾಲು ಮೂಡಿಸಿ ಏನೇನೋ ಆಡಿಕೊಂಡಿತ್ತು, ವಾರದಲ್ಲಿ ಅಪ್ಪ ಅವಳ ಕಾಲೇಜು ಬಿಡಿಸಿದ್ದ.

“ಜನರ ಬಾಯಿಗೆ ನಾನು ಬೀಗ ಹಾಕೋಕಾಗತ್ತಾ?” ಎಂದಳು, ದನಿ ತಗ್ಗಿಸಿ.

“ಬೆಂಚು ಹಾಕಿದ್ದು ಜನ ಅಲ್ಲ, ಅತ್ತೆ. ನೀನು.”

ಆಮೇಲೆ ಹುಡುಗಿ ಗೋಡೆಗೇ ಹೇಳುವಂತೆ ಉಳಿದದ್ದನ್ನೂ ಹೇಳಿದಳು. ನಾಲ್ಕು ತಿಂಗಳಿಂದ ತಿಂಗಳಿಗೆ ಹದಿನೈದು ದಿನ ರಕ್ತ ನಿಲ್ಲುತ್ತಲೇ ಇರಲಿಲ್ಲ. ಚೀಟಿಯಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. ಗಿರಣಿಯ ಮುಂದೆ ನಿಂತು ‘ಪಾಪ, ದರ್ಜಿ ಹುಡುಗಿ ಮೂರನೇ ಬೆಂಚಿಗೆ ಬಂದಿತ್ತು’ ಎಂದು ಮೊದಲು ಬಾಯಿಬಿಟ್ಟವಳು ತಾನೇ ಎಂಬುದು ಆಗ ನೆನಪಿಗೆ ಬಂತು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ, ಕನಿಕರದಿಂದಲೇ ಆಡಿದ್ದು. ಕನಿಕರದಿಂದ ಆಡಿದ್ದಕ್ಕೆ ಆ ಹುಡುಗಿಯ ಕಾಲೇಜು ವಾಪಸು ಬರುತ್ತದೆಯೇ? ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬುಧವಾರವಿಡೀ ಅವಳು ಹುಡುಗಿಯ ಬೆನ್ನು ಬಿಡಲಿಲ್ಲ. ನಾಳೆ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೇನೆ, ಚೀಟಿಯೂ ಬೇಡ, ಬೆಂಚೂ ಬೇಡ, ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದಳು. ಹುಡುಗಿ ಒಪ್ಪಲಿಲ್ಲ. ಹಿಂದಿನ ಬಾಗಿಲಲ್ಲಿ ಕಂಡರೆ ಇನ್ನೇನೋ ಇದೆ ಎನ್ನುತ್ತಾರೆ, ಮುಂದಿನ ಮಂಗಳವಾರ ಬಸ್ಸಿಗೆ ಮತ್ತೆ ದೊಡ್ಡಾಸ್ಪತ್ರೆಗೇ ಹೋಗುತ್ತೇನೆ ಎಂದಳು. ಇನ್ನೂ ಒಂದು ವಾರ ರಕ್ತ ಹೋದರೆ ಈ ಮೈಯಲ್ಲಿ ಏನು ಉಳಿದೀತು ಎಂದು ಚೀಟಿಯಕ್ಕನಿಗೆ ಊಟ ಸೇರಲಿಲ್ಲ.

ಗುರುವಾರ ಏಳಕ್ಕೇ ಕೇಂದ್ರದ ಬೀಗ ತೆಗೆದಳು. ಮೂರೂ ಬೆಂಚುಗಳನ್ನು ಎಳೆದು ಒಂದಕ್ಕೊಂದು ತಾಗಿಸಿ ಉದ್ದಕ್ಕೆ ಹಾಕಿದಳು. ಸೋಪಿನ ನೀರು ತಂದು ಗೋಡೆಯ ಅಕ್ಷರ ಉಜ್ಜಿದಳು. ಮೊದಲ ಎರಡು ಹೋದವು, ಮೂರನೆಯದು ಜಪ್ಪಯ್ಯ ಅಂದರೂ ಹೋಗಲಿಲ್ಲ, ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದಳು. ಚೀಟಿಗಳ ಮೇಲೆ ಬರೀ ನಂಬರು ಬರೆದಿಟ್ಟಳು. ಹೆಸರು, ತೊಂದರೆ ಎಲ್ಲ ಒಳಗೆ ಡಾಕ್ಟರಮ್ಮನೇ ಕೇಳಿ ಬರೆದುಕೊಳ್ಳಲಿ. ಆಮೇಲೆ ಮನೆಗೆ ಓಡಿಬಂದು ಹುಡುಗಿಗೆ ಇಷ್ಟೇ ಹೇಳಿದಳು, “ಬೆಂಚು ತೆಗೆದಿದ್ದೀನಿ. ಬರೋದು ಬಿಡೋದು ನಿನಗೆ ಬಿಟ್ಟಿದ್ದು.”

ಹತ್ತಕ್ಕೆ ವ್ಯಾನು ಬಂತು, ಡಾಕ್ಟರಮ್ಮ ಒಳಗೆ ಕೂತರು, ಜಗುಲಿಯಲ್ಲಿ ಗದ್ದಲವೋ ಗದ್ದಲ. ಕೆಮ್ಮಿನ ತಾತ ತನ್ನ ಬೆಂಚು ಎಲ್ಲಿ ಎಂದು ಮೂರು ಸಲ ಕೇಳಿದ. ಎಲ್ಲಿ ಜಾಗ ಇದೆಯೋ ಅಲ್ಲಿ ಎಂದು ಚೀಟಿಯಕ್ಕ ಮೂರು ಸಲವೂ ಹೇಳಿದಳು. ಡಾಕ್ಟರಮ್ಮನೂ ಒಮ್ಮೆ ಇಣುಕಿ, ಒಟ್ಟಾಗಿ ಬೆರೆತು ಕೂತ ಸಾಲನ್ನು ನೋಡಿ, ಏನೂ ಕೇಳದೆ ಒಳಗೆ ಹೋದರು. ಚೀಟಿಯಕ್ಕನ ಕೈ ನಂಬರು ಹಂಚುತ್ತಿತ್ತು, ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು.

ಹನ್ನೆರಡಕ್ಕೆ ಹುಡುಗಿ ಬಂದಳು. ಮೆಲ್ಲಗೆ ಮೆಟ್ಟಿಲು ಹತ್ತಿ, ಎಲ್ಲರ ಹಾಗೆ ಕಿಟಕಿಗೆ ಕೈ ಚಾಚಿ ನಂಬರು ತೆಗೆದುಕೊಂಡು, ಕೆಮ್ಮಿನ ತಾತನ ಪಕ್ಕ ಕೂತಳು. ಹಿಂದೆಯೇ ಬಂದ ಗಿರಣಿಯವಳು ಕಿಟಕಿಗೆ ಮುಖ ತೂರಿಸಿ, ನಿಮ್ಮ ಹುಡುಗಿಗೆ ಏನಂತೆ ಎಂದಳು. ಜಗುಲಿ ಇಡೀ ಮೈಯೆಲ್ಲ ಕಿವಿಯಾಯಿತು.

ಜ್ವರ ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇವತ್ತು ಇವಳಿಗೆ ಜ್ವರ ಅಂದರೆ, ನಾಳೆ ತಾನು ಏನೂ ಹೇಳದೆ ಬಿಟ್ಟವರಿಗೆ ಜ್ವರವಲ್ಲ, ಬೇರೇನೋ ಇದೆ ಅಂದಂತಾಗುವುದಿಲ್ಲವೇ?

“ಅವಳಿಗೆ ನಲವತ್ತೊಂದನೇ ನಂಬರಂತೆ,” ಎಂದಳು. “ನಿಂದು ನಲವತ್ತೆರಡು. ಕೂತ್ಕೋ.”

ಗಿರಣಿಯವಳ ಮುಖ ಹುಳಿ ಹಿಂಡಿದಂತಾಯಿತು. ತಾತ ಮಾತ್ರ ಕಿಸಕ್ಕನೆ ನಕ್ಕು ಕೆಮ್ಮಿದ.

ನಲವತ್ತೊಂದರ ಸರದಿ ಬಂತು. ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಡಾಕ್ಟರ ಕೋಣೆಗೂ ಕಿಟಕಿಯ ಕೋಣೆಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅಲ್ಲಿ ಪಿಸುಗುಟ್ಟಿದರೂ ಇಲ್ಲಿ ಕೇಳುತ್ತದೆ ಎಂಬುದು ಚೀಟಿಯಕ್ಕನಿಗೆ ಎಂಟು ತಿಂಗಳಿಂದ ಗೊತ್ತಿತ್ತು, ಎಂಟು ತಿಂಗಳೂ ಕೇಳಿಸಿಕೊಂಡಿದ್ದಳು. ಈಗ ಹುಡುಗಿಯ ಸಣ್ಣ ದನಿ ಶುರುವಾಗುತ್ತಿದ್ದಂತೆ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಅಂಗಳದ ಕೈಪಂಪಿಗೆ ಹೋಗಿ, ತುಂಬಿಯೇ ಇದ್ದ ಕೊಡವನ್ನು ಚೆಲ್ಲಿ, ಮತ್ತೆ ತುಂಬಿಸತೊಡಗಿದಳು. ಪಂಪು ಕಿರ್ರೆನ್ನುತ್ತಿತ್ತು. ಅವಳು ಕೈ ನಿಲ್ಲಿಸಲಿಲ್ಲ. ಕೊಡ ತುಂಬಿ ಕಾಲ ಮೇಲೆ ಹರಿಯಿತು.

ಅವಳು ಒದ್ದೆ ಕಾಲಲ್ಲಿ ವಾಪಸು ಬರುವಾಗ ಹುಡುಗಿ ಕಿಟಕಿಯ ಬಳಿ ನಿಂತಿದ್ದಳು. ಕೈಯಲ್ಲಿ ಮಾತ್ರೆಯ ಪೊಟ್ಟಣ, ಮಡಿಸಿದ ಒಂದು ಕಾಗದ. ಕಣ್ಣು ಕೆಂಪಾಗಿತ್ತು, ಮುಖ ಹಗುರವಾಗಿತ್ತು. ಚೀಟಿಯಕ್ಕ ಕುರ್ಚಿಯಲ್ಲಿ ಕೂತು, ಜೋಡಿಸಿಯೇ ಇದ್ದ ಚೀಟಿಗಳನ್ನು ಮತ್ತೆ ಜೋಡಿಸಿದಳು.

“ಕೇಳಲ್ವಾ, ಅತ್ತೆ?”

“ಕೇಳಲ್ಲ.”

ಹುಡುಗಿ ಕಾಗದವನ್ನು ಇನ್ನೊಂದು ಸಲ ಮಡಿಸಿದಳು. ಆಮೇಲೆ ಕಿಟಕಿಯೊಳಗೆ ಬಗ್ಗಿ, ಅತ್ತೆಗೆ ಮಾತ್ರ ಕೇಳುವಂತೆ ಹೇಳಿದಳು.

“ಎರಡಕ್ಕೆ ಬೀಗ ಹಾಕ್ತೀಯಲ್ಲ, ಅಲ್ಲಿವರೆಗೂ ಇಲ್ಲೇ ಕೂತಿರ್ತೀನಿ. ಮನೆಗೆ ಹೋಗ್ತಾ ನಾನೇ ಹೇಳ್ತೀನಿ.”

ಚೀಟಿಯಕ್ಕ ತಲೆಯಾಡಿಸಿದಳು. ಅಷ್ಟು ದೊಡ್ಡ ಗಂಟಲಿನವಳು ಅವತ್ತು ನಲವತ್ತೆರಡು ಎಂದು ಜಗುಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕರೆದಳು.